ಅತ್ತೆಗೆ ಬೇಡವಾದ ಶಾಲು

ನಮ್ಮ ಅತ್ತೆಗೆ ರೋಗಿಗಳನ್ನು ಕಂಡರೆ ಆಗುವುದಿಲ್ಲ. ಇದೇನೂ ನಾನು ಬೆನ್ನ ಹಿಂದೆ ಆಡುತ್ತಿರುವ ಮಾತಲ್ಲ. ಆಸ್ಪತ್ರೆಯ ಪಡಸಾಲೆಯ ನಡುಮಧ್ಯೆ ನಿಂತು, ಎರಡೂ ಬದಿಯ ಬೆಂಚಿನ ಮೇಲೆ ಕೂತ ರೋಗಿಗಳಿಗೆ ಚೆನ್ನಾಗಿ ಕೇಳಿಸುವಂತೆ ಆಕೆಯೇ ಹೇಳಿಕೊಂಡಿದ್ದು. ಜ್ವರದವರು ನರಳುತ್ತಾರೆ, ಹೊಟ್ಟೆನೋವಿನವರು ಗೋಳಾಡುತ್ತಾರೆ, ಏನೂ ನೋವಿಲ್ಲದೆ ಜೊತೆಗೆ ಬಂದವರು ಎಲ್ಲರಿಗಿಂತ ಹೆಚ್ಚು ಕೂಗಾಡುತ್ತಾರೆ, ಇಂಥವರ ಸಹವಾಸ ಯಾವ ಮರ್ಯಾದಸ್ಥರಿಗೆ ಬೇಕು ಎನ್ನುವುದು ಆಕೆಯ ವಾದ. ಅಂಥ ಅತ್ತೆಗೆ, ಆಸ್ಪತ್ರೆಯಲ್ಲಿ ಮಾಡಿದ ಸೇವೆಗಾಗಿ, ರಾಜ್ಯೋತ್ಸವದ ದಿನ ತಾಲ್ಲೂಕಿನ ಸನ್ಮಾನವಾಯಿತು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ವೇದಿಕೆಯ ಮುಂದೆ ಕೂತು ಕಣ್ಣಾರೆ ನೋಡಿದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ!

ಊರಿನ ಹೆಸರು ಮಾತ್ರ ಕೇಳಬೇಡಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಕಂಡಕ್ಟರ್ ಕೂಗುತ್ತಾ ಹೋಗುವ ನಮ್ಮ ಸೀಮೆಯಲ್ಲೇ ಎಲ್ಲೋ ಒಂದು ಊರು ಎಂದುಕೊಳ್ಳಿ. ಹೆಸರು ಹೇಳಿದರೆ ಅಲ್ಲಿನ ಸಿಸ್ಟರುಗಳು ನನ್ನನ್ನು ಹುಡುಕಿಕೊಂಡು ಬಂದು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚುತ್ತಾರೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಟ್ಟಿದ್ದು ಇಟ್ಟಿಗಿಯಲ್ಲಿ, ಕೊಟ್ಟದ್ದು ಈ ಹೆಸರಿಲ್ಲದ ಊರಿಗೆ. ಮಾವನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಕಾಳುಕಡಿಯ ಅಂಗಡಿ ಇತ್ತು. ಮಕ್ಕಳಿರಲಿಲ್ಲ. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ, ಹೀಗಾಗಿ ಅತ್ತೆಯ ಮನೆ ನನಗೆ ಒಂದು ಬಸ್ಸಿನ ದೂರ. ಬೇಸರವಾದಾಗ ಹೋಗಿ ರೊಟ್ಟಿ ತಿಂದು, ಬೈಸಿಕೊಂಡು, ಉಲ್ಲಾಸದಿಂದ ಮರಳಿ ಬರುತ್ತಿದ್ದೆ.

ತೊಂಬತ್ತರ ದಶಕದ ಮಧ್ಯದಲ್ಲಿ ಮಾವ ಹಾಸಿಗೆ ಹಿಡಿದರು. ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಅತ್ತೆ ದಿನಾ ಮಧ್ಯಾಹ್ನ ರೊಟ್ಟಿ, ಪಲ್ಯ, ಮೊಸರು ಕಟ್ಟಿಕೊಂಡು ಹೋಗುವುದು, ಮಾವ ಬಾಯಿಗೆ ರುಚಿಯಿಲ್ಲವೆಂದು ಮುಖ ತಿರುಗಿಸುವುದು, ಡಬ್ಬಿ ಹಾಗೇ ಮನೆಗೆ ವಾಪಸಾಗುವುದು. ಒಂದು ದಿನ ಹೀಗೆ ವಾಪಸು ತರುವಾಗ, ಮೂಲೆಯ ನಲ್ಲಿಗೆ ಬೊಗಸೆಯೊಡ್ಡಿ ಒಬ್ಬ ನರ್ಸಮ್ಮ ಗಟಗಟ ನೀರು ಕುಡಿಯುವುದು ಕಾಣಿಸಿತು. ಅಷ್ಟು ನೀರು ಕುಡಿಯುವವರು ಒಂದೋ ಉಪ್ಪು ಹೆಚ್ಚು ತಿಂದಿರಬೇಕು, ಇಲ್ಲವೇ ಏನೂ ತಿಂದಿರಬಾರದು. ಅತ್ತೆ ಹತ್ತಿರ ಹೋಗಿ ಆಕೆಯ ಮುಖ ನೋಡಿ, ಎರಡನೆಯದೇ ಎಂದು ತೀರ್ಮಾನಿಸಿ, ಡಬ್ಬಿ ಬಿಚ್ಚಿ ಮುಂದಿಟ್ಟಳು. ಆ ನರ್ಸಮ್ಮ ಒಂದು ತುತ್ತು ಬಾಯಿಗಿಟ್ಟುಕೊಂಡಳು, ಎರಡನೆಯ ತುತ್ತಿಗೆ ಅಳತೊಡಗಿದಳು. ಪಲ್ಯ ಖಾರವಾಯಿತೇನೋ ಎಂದು ಅತ್ತೆ ಮೊಸರು ಸುರಿದಳು. ಅಳು ನಿಲ್ಲಲಿಲ್ಲ. ಆಗ ಅದು ಖಾರದ ಅಳುವಲ್ಲ ಎಂದು ಆಕೆಗೆ ಗೊತ್ತಾಯಿತಂತೆ.

ಮಾರನೆಯ ದಿನ ಡಬ್ಬಿ ಎರಡಾಯಿತು. ಮಾವ ಕೆಲವು ವಾರಗಳಲ್ಲಿ ತೀರಿಕೊಂಡರು. ದಿನಕರ್ಮಗಳು ಮುಗಿದವು, ಬಂದ ನೆಂಟರು ಚಾಪೆ ಸುತ್ತಿಟ್ಟು ಹೋದರು. ಮರುದಿನ ಮಧ್ಯಾಹ್ನ ಅತ್ತೆ ಮತ್ತೆ ಡಬ್ಬಿ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟಳು. ದುಃಖದಲ್ಲಿ ಮರೆತು ಹೊರಟಿದ್ದಾಳೆಂದು ನಮ್ಮಪ್ಪ ತಡೆಯಲು ಹೋದರು. ಸತ್ತವರು ನಮ್ಮನೆಯವರು, ಸಿಸ್ಟರುಗಳೇನು ಸತ್ತಿಲ್ಲವಲ್ಲ ಎಂದು ಆಕೆ ಚಪ್ಪಲಿ ಮೆಟ್ಟಿದಳು.

ಹೀಗೆ ಶುರುವಾದದ್ದು ಬರಬರುತ್ತಾ ಒಂದು ಇಲಾಖೆಯೇ ಆಯಿತು. ಉಳಿದ ಜನ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ವಿಚಾರಿಸುತ್ತಾರೆ. ಅತ್ತೆ ನರ್ಸುಗಳನ್ನು, ಆಯಾಗಳನ್ನು, ಕಸ ಗುಡಿಸುವವರನ್ನು, ಔಷಧಿ ಕೊಡುವ ಕಂಪೌಂಡರನ್ನು, ಕಡೆಗೆ ಡಾಕ್ಟರನ್ನೂ ವಿಚಾರಿಸುತ್ತಿದ್ದಳು. ಯಾರಿಗೆ ನಿದ್ದೆಯಾಗಿಲ್ಲ, ಯಾರ ಕಾಲು ಬಾತಿದೆ, ಯಾರ ಅತ್ತೆಮನೆಯವರು ಕಿರಿಕಿರಿ ಮಾಡುತ್ತಿದ್ದಾರೆ, ಎಲ್ಲ ಆಕೆಗೆ ಗೊತ್ತು. ಆಸ್ಪತ್ರೆಯ ಹುಡುಗಿಯರು ಆಕೆಯನ್ನು ದೊಡ್ಡವ್ವ ಎಂದು ಕರೆಯತೊಡಗಿದರು. ರೋಗಿಗಳು ಏನೆಂದು ಕರೆಯುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಯಾಕೆಂದರೆ ಊಟದ ಹೊತ್ತಿಗೆ ಸೂಜಿ ಹಾಕಿಸಿಕೊಳ್ಳಲು ಉದ್ದಕ್ಕೆ ಸಾಲು ನಿಂತಿದ್ದರೂ ಅತ್ತೆ ಒಳಗೆ ನುಗ್ಗಿ ನರ್ಸಿನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗುತ್ತಿದ್ದಳು. ಸಾಲಿನವರು ಗೊಣಗಿದರೆ, ಆಕೆ ತಿರುಗಿ ನಿಂತು, "ನಿಮ್ಮ ಜ್ವರ ಎಲ್ಲೂ ಓಡಿ ಹೋಗಂಗಿಲ್ರಿ. ಆಕಿ ಎರಡು ತುತ್ತು ಉಂಡು ಬರ್ಲಿ, ಅಲ್ಲೀತನಾ ಕೆಮ್ಮಕೋಂತ ಕುಂದರ್ರಿ" ಎನ್ನುತ್ತಿದ್ದಳು. ಆಶ್ಚರ್ಯವೆಂದರೆ ಅವರು ಕೂತು ಕೆಮ್ಮುತ್ತಿದ್ದರು!

ನನಗೊಮ್ಮೆ ವಿಷಮಜ್ವರ ಬಂತು. ಅತ್ತೆಯ ವಶೀಲಿ ಇದೆಯಲ್ಲ, ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ನನ್ನ ಹೆಂಡತಿ ನನ್ನನ್ನು ಅದೇ ಆಸ್ಪತ್ರೆಗೆ ಕರೆತಂದು ಸೇರಿಸಿದಳು. ಗೆಳೆಯರು ಕಿತ್ತಳೆ ಹಣ್ಣು ತಂದಿಟ್ಟಿದ್ದರು. ಅತ್ತೆ ಬಂದಳು, ಹಾಸಿಗೆಯ ತುದಿಗೆ ಕೂತಳು, ಹಣ್ಣು ಸುಲಿದಳು, ನಾರು ಬಿಡಿಸಿದಳು, ಬೀಜ ತೆಗೆದಳು. ನಾನು ಬಾಯಿ ತೆರೆದೆ. ತೊಳೆ ನನ್ನ ಮೂಗಿನ ಮುಂದೆ ಹಾದುಹೋಗಿ, ಗ್ಲೂಕೋಸ್ ಬಾಟಲಿ ಸರಿಮಾಡುತ್ತಿದ್ದ ನರ್ಸಿನ ಬಾಯಿ ಸೇರಿತು. ನಾನು ನೋಡಿದ ನೋಟಕ್ಕೆ ಅತ್ತೆ, "ನಿನಗೇನಾಗೇತಿ, ಆರಾಮ ಮಲಗಿಯಲ್ಲ. ಆಕಿ ಮುಂಜಾನಿಂದ ನಿಂತಾಳ" ಎಂದಳು. ನಾಚಿಕೊಂಡ ಆ ಹುಡುಗಿ ನನಗೂ ಒಂದು ತೊಳೆ ಕೊಡಲು ಬಂದಾಗ ಅತ್ತೆ ಆಕೆಯ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಜ್ವರ ಬಿಡುವವರೆಗೂ ನಾನು ಆ ಆಸ್ಪತ್ರೆಯ ಸಿಬ್ಬಂದಿಗೆ ಹಣ್ಣು ಒದಗಿಸುವವನಾಗಿ ಮಲಗಿದ್ದೆ.

ಇನ್ನೊಂದು ಸಲ ಯಾವುದೋ ಹಳ್ಳಿಯ ಗೌಡರೊಬ್ಬರು ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದು, ಡಾಕ್ಟರು ಊಟಕ್ಕೆ ಹೋಗಿದ್ದಾರೆಂಬ ಒಂದೇ ಕಾರಣಕ್ಕೆ ಎಳೆಯ ನರ್ಸೊಬ್ಬಳ ಮೇಲೆ ಗಂಟಲು ಹರಿಯುವಂತೆ ಕೂಗಾಡುತ್ತಿದ್ದರು. ಹುಡುಗಿ ಗೋಡೆಗಾತು ನಿಂತು ನಡುಗುತ್ತಿದ್ದಳು. ಅತ್ತೆ ಗಾಬರಿಯಾಗಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಗೌಡರಿಗೆ ಕುರ್ಚಿ ಹಾಕಿದಳು, ಮುಂದೆ ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಿಚ್ಚಿದಳು. ಬರಿಹೊಟ್ಟೆಯಲ್ಲಿ ಬೈದರೆ ಪಿತ್ತವಾಗುತ್ತದೆ, ತಿಂದು ಆಮೇಲೆ ಬೈಯಿರಿ ಎಂದು ವಿನಯದಿಂದ ಉಪಚರಿಸಿದಳು. ಬೈಯಲು ಶಕ್ತಿ ಬೇಕೆಂಬುದು ಗೌಡರಿಗೂ ಒಪ್ಪಿಗೆಯಾಯಿತು. ಅವರು ಮಿರ್ಚಿ ಕಚ್ಚಿದರು. ಆ ಮಿರ್ಚಿಯನ್ನು ಅತ್ತೆ ಮನೆಯಲ್ಲೇ ಕರಿದಿದ್ದಳು, ಮೆಣಸಿನಕಾಯಿಯ ಬೀಜ ತೆಗೆಯುವ ಅಭ್ಯಾಸ ಆಕೆಗಿಲ್ಲ. ಗೌಡರ ಕಣ್ಣು ಕೆಂಪಾದವು, ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಕಡೆಗೆ ಅವರು ಗೋಡೆಗಾತು ನಿಂತ ಅದೇ ಹುಡುಗಿಯ ಕಡೆ ಕೈಚಾಚಿ, "ತಾಯಿ, ನೀರು" ಎಂದರು.

ಆಸ್ಪತ್ರೆಯ ಹಿಂಬದಿಯಲ್ಲಿ ಮುರಿದ ಮಂಚ, ತುಕ್ಕು ಹಿಡಿದ ಬಕೆಟ್ಟು ತುಂಬಿಟ್ಟ ಒಂದು ಕೋಣೆ ಇತ್ತು. ಅತ್ತೆ ಆಗಿನ ಹಳೆಯ ಡಾಕ್ಟರನ್ನು ಕಾಡಿ ಬೇಡಿ ಅದನ್ನು ಖಾಲಿ ಮಾಡಿಸಿದಳು. ಸುಣ್ಣ ಹೊಡೆಸಿದಳು. ಎರಡು ಚಾಪೆ, ಎರಡು ದಿಂಬು, ಒಂದು ಮಣ್ಣಿನ ಗಡಿಗೆ ತಂದಿಟ್ಟಳು. ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಹಾಕಿಸಿದಳು. ದಿನವಿಡೀ ಎಲ್ಲರೂ ಕರೆಯುವವರೇ, ಯಾರೂ ಕರೆಯಲಾಗದ ಹಾಗೆ ಒಂದಿಷ್ಟು ಹೊತ್ತು ಕಾಲು ಚಾಚಲು ಈ ಹುಡುಗಿಯರಿಗೆ ಒಂದು ಬಾಗಿಲು ಬೇಕು ಎನ್ನುತ್ತಿದ್ದಳು. ಒಳಗೆ ಒಬ್ಬಳು ಮಲಗಿದರೆ ಹೊರಗೆ ಸ್ಟೂಲಿನ ಮೇಲೆ ಅತ್ತೆಯ ಪಹರೆ. ಯಾರಾದರೂ ತೀರಿಕೊಂಡ ದಿನ, ಹೆರಿಗೆ ಕೆಟ್ಟ ದಿನ, ಹುಡುಗಿಯರು ಮಲಗಲು ಬರುತ್ತಿರಲಿಲ್ಲ, ಅಳಲು ಬರುತ್ತಿದ್ದರು. ಅಂಥ ದಿನ ಅತ್ತೆ ಸ್ಟೂಲು ಬಿಟ್ಟು ಒಳಗೆ ಹೋಗಿ ತಾನೇ ಚಿಲಕ ಹಾಕಿಕೊಳ್ಳುತ್ತಿದ್ದಳು.

ಒಮ್ಮೆ ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಈ ಕೋಣೆಯ ಬಾಗಿಲು ಯಾಕೆ ಮುಚ್ಚಿದೆ ಎಂದು ಕೇಳಿದರು. ಸ್ಟೂಲಿನ ಮೇಲಿದ್ದ ಅತ್ತೆ ಏಳದೆಯೇ, ಒಳಗೆ ಎಕ್ಸ್‌ರೇ ತೆಗೆಯುತ್ತಿದ್ದಾರೆ, ಬಾಗಿಲು ತೆಗೆದರೆ ನಿಮ್ಮದೂ ಬಂದುಬಿಡುತ್ತದೆ ಎಂದಳು. ಅಧಿಕಾರಿ ಸರಕ್ಕನೆ ಎರಡು ಹೆಜ್ಜೆ ಹಿಂದೆ ಸರಿದು, ಹಾಗೇ ಮುಂದಿನ ವಾರ್ಡಿಗೆ ನಡೆದರು. ಆ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದುದು ಅವರನ್ನೇ, ಇನ್ನೂ ಕೊಡದಿದ್ದವರೂ ಅವರೇ!

ಇಷ್ಟಾದ ಮೇಲೆ ಹಳೆಯ ಡಾಕ್ಟರಿಗೆ ವರ್ಗವಾಗಿ ಹೊಸಬರು ಬಂದರು. ಹರಪನಹಳ್ಳಿ ಕಡೆಯವರು, ನಡುವಯಸ್ಸು, ಮಾತು ಕಡಿಮೆ. ಬಂದ ವಾರದಲ್ಲೇ ವಾರ್ಡಿನ ಬಾಗಿಲಿಗೆ 'ಹೊರಗಿನವರಿಗೆ ಪ್ರವೇಶವಿಲ್ಲ' ಎಂದು ಬೋರ್ಡು ಹಾಕಿಸಿದರು. ಅತ್ತೆಗೆ ಬೋರ್ಡು ಬಹಳ ಹಿಡಿಸಿತು. ಬೋರ್ಡಿನ ಕೆಳಗೆ ನಿಂತು ಬಂದವರನ್ನೆಲ್ಲ ತಡೆದು ಓದಿಸತೊಡಗಿದಳು. ಆ ಮಾತು ತನಗೂ ಅನ್ವಯಿಸಬಹುದೆಂದು ಆಕೆಗೆ ಹೊಳೆದೇ ಇರಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರು ಆಕೆಯನ್ನು ತಮ್ಮ ಕೋಣೆಗೆ ಕರೆಸಿ, "ನೀವು ಇಲ್ಲಿ ಯಾವ ಕೆಲಸದಲ್ಲಿ ಇದೀರಮ್ಮ?" ಎಂದು ಕೇಳಿದರು.

"ಕೆಲ್ಸ ಅಂತ ಏನಿಲ್ರಿ. ನೀವು ಉಂಡ್ರ್ಯಾ?" ಎಂದಳು ಅತ್ತೆ.

ಡಾಕ್ಟರು ಉಂಡಿರಲಿಲ್ಲ. ಅತ್ತೆ ಡಬ್ಬಿ ತೆಗೆದಿಟ್ಟಳು. ಅವರು ತಲೆ ತಗ್ಗಿಸಿ ಪೂರ್ತಿ ಉಂಡರು, ಕೈ ತೊಳೆದರು, ಒಂದು ಮಾತೂ ಆಡಲಿಲ್ಲ. ಅತ್ತೆಯ ಎದೆಯಲ್ಲಿ ಅಂದು ಅವಲಕ್ಕಿ ಕುಟ್ಟಲು ಶುರುವಾಯಿತು. ಬೈದಿದ್ದರೆ ಆಕೆಗೆ ಏನೂ ಅನಿಸುತ್ತಿರಲಿಲ್ಲ, ಬೈಯುವವರನ್ನು ಪಳಗಿಸುವ ಮಿರ್ಚಿ ಆಕೆಯ ಹತ್ತಿರ ಇತ್ತು. ಸುಮ್ಮನಿರುವವರಿಗೆ ಮದ್ದಿರಲಿಲ್ಲ. ಈ ಮನುಷ್ಯ ನನ್ನನ್ನು ಹೊರಗೆ ಹಾಕುತ್ತಾನೆ, ಆ ಕೋಣೆಗೆ ಬೀಗ ಜಡಿಯುತ್ತಾನೆ ಎಂದು ಆಕೆ ಹೋದವರು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ರಾಜ್ಯೋತ್ಸವಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ ನಮ್ಮ ಶಾಲೆಯ ಫೋನಿಗೆ ಅತ್ತೆಯ ಕರೆ ಬಂತು. ಎಸ್‌ಟಿಡಿ ಬೂತಿನ ಗಾಜಿನೊಳಗಿಂದಲೇ ಇಟ್ಟಿಗಿಗೂ ಕೇಳಿಸುವಂಥ ದನಿ. "ಲೇ ಮಾಸ್ತರ, ನನಗ ಶಾಲು ಹೊದಸ್ತಾರಂತ. ಲಗೂನ ಬಾ" ಎಂದು ಇಟ್ಟುಬಿಟ್ಟಳು. ನಾನು ಖುಷಿಯಿಂದ ಅರ್ಧ ದಿನ ರಜೆ ಹಾಕಿ, ಪೇಡೆಯ ಪೊಟ್ಟಣ ಹಿಡಿದು ಹೋದೆ. ಮನೆಯಲ್ಲಿ ಅತ್ತೆ ಸಾವಿನ ಮನೆಯಲ್ಲಿ ಕೂತಂತೆ ಕಂಬಕ್ಕೆ ಒರಗಿ ಕೂತಿದ್ದಳು. ಪೇಡೆ ನೋಡಿ ಇನ್ನಷ್ಟು ಸಿಟ್ಟಾದಳು.

ಆಕೆಯ ವಾದ ಕೇಳಿ ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಆ ಆಸ್ಪತ್ರೆಯಲ್ಲಿ ಆಕೆ ನೋಡಿದ ಶಾಲುಗಳೆಲ್ಲ ಬೀಳ್ಕೊಡುಗೆಯ ಶಾಲುಗಳೇ! ಸರ್ಕಾರಿ ಕಚೇರಿಯಲ್ಲಿ ಇನ್ಯಾವಾಗ ಶಾಲು ಹೊದಿಸುತ್ತಾರೆ ಹೇಳಿ? ವರ್ಗವಾದರೆ ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ. ನಿವೃತ್ತಿಯಾದರೆ ಅದರ ಜೊತೆಗೆ ಒಂದು ಗೋಡೆ ಗಡಿಯಾರ. ನಾಲ್ಕು ಜನ ಎದ್ದು ನಿಂತು ಇವರಂಥವರಿಲ್ಲ ಎನ್ನುತ್ತಾರೆ, ಫೋಟೋ ತೆಗೆಯುತ್ತಾರೆ, ಮರುದಿನದಿಂದ ಅವರು ಇರುವುದಿಲ್ಲ. ಕಂಪೌಂಡರನಿಗೆ ಶಾಲು ಹೊದಿಸಿದರು, ಆತ ಸಂಡೂರಿಗೆ ಹೋದ. ಹಳೆಯ ಡಾಕ್ಟರಿಗೆ ಹೊದಿಸಿದರು, ಅವರು ಸಿರುಗುಪ್ಪಕ್ಕೆ ಹೋದರು. ತಲೆ ನರೆತ ಆಯಾಳಿಗೆ ಹೊದಿಸಿದರು, ಆಕೆ ಎಲ್ಲಿಗೆ ಹೋದಳೆಂದೇ ಗೊತ್ತಿಲ್ಲ.

"ಶಾಲು ಹೊದ್ದೋರು ಯಾರರ ತಿರುಗಿ ಬಂದಾರೇನು? ನೀನ ಹೇಳು" ಎಂದು ನನ್ನನ್ನೇ ಕೇಳಿದಳು.

ನಾನು ಸನ್ಮಾನವೇ ಬೇರೆ, ಬೀಳ್ಕೊಡುಗೆಯೇ ಬೇರೆ ಎಂದು ಮಾಸ್ತರಿಕೆಯನ್ನೆಲ್ಲ ಖರ್ಚು ಮಾಡಿ ವಿವರಿಸಿದೆ. ಆಕೆ ಹಾರ ಅದೇ ತಾನೆ ಎಂದಳು. ಹೌದೆಂದೆ. ಹಣ್ಣಿನ ಬುಟ್ಟಿ? ಅದೂ ಅದೇ ಎಂದೆ. ಫೋಟೋ? ಹೌದು. ಹಾಗಾದರೆ ಬೇರೆ ಯಾವುದು ಎಂದು ಕೇಳಿದಳು. ಮೇಲಾಗಿ ಆಕೆಯ ಹೆಸರನ್ನು ತಾಲ್ಲೂಕಿಗೆ ಕಳಿಸಿದವರು ಯಾರೆಂದುಕೊಂಡಿರಿ? ಅದೇ ಹೊಸ ಡಾಕ್ಟರು! ಬಾಯಿಬಿಟ್ಟು ಹೋಗೆಂದು ಹೇಳಲಾರದೆ ಮರ್ಯಾದೆಯಿಂದ ಸಾಗಹಾಕುತ್ತಿದ್ದಾನೆ ಎಂಬ ಅತ್ತೆಯ ತರ್ಕದಲ್ಲಿ ಒಂದು ತೂತೂ ಕಾಣಿಸಲಿಲ್ಲ.

ಆ ವಾರವೆಲ್ಲ ಅತ್ತೆ ಶಾಲಿನಿಂದ ತಪ್ಪಿಸಿಕೊಳ್ಳಲು ಮಾಡಿದ ಹಿಕಮತ್ತು ಒಂದೆರಡಲ್ಲ. ತನ್ನ ಮೈಗೆ ಉಣ್ಣೆ ಒಗ್ಗುವುದಿಲ್ಲ, ಗಂಧೆ ಏಳುತ್ತದೆ ಎಂದು ತಾಲ್ಲೂಕು ಕಚೇರಿಗೆ ಹೇಳಿ ಕಳಿಸಿದಳು. ಅವರು ರೇಷ್ಮೆ ಶಾಲು ತರಿಸುತ್ತೇವೆ ಎಂದರು. ತನ್ನ ಬದಲು ಪಕ್ಕದ ಮನೆಯ ಮುದುಕಿಗೆ ಹೊದಿಸಿ, ಆಕೆಗೆ ಚಳಿ ಜಾಸ್ತಿ ಎಂದು ಸೂಚಿಸಿದಳು. ಆಹ್ವಾನಪತ್ರಕ್ಕೆ ಫೋಟೋ ಕೇಳಲು ಬಂದವನಿಗೆ ಮಾವನ ಫೋಟೋ ಕೊಟ್ಟು ಕಳಿಸಿದಳು. ಇದನ್ನೆಲ್ಲ ಕೇಳಿ ಊರವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಎಂಥ ನಿರಪೇಕ್ಷೆ, ಎಂಥ ವಿನಯ, ಪ್ರಶಸ್ತಿಗಾಗಿ ಬಡಿದಾಡುವ ಈ ಕಾಲದಲ್ಲಿ ಇಂಥವರೂ ಇದ್ದಾರಲ್ಲ ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾತೇ ಮಾತು. ಅತ್ತೆ ಬೇಡವೆಂದಷ್ಟೂ ಸನ್ಮಾನ ದೊಡ್ಡದಾಗುತ್ತಾ ಹೋಯಿತು. ಆಕೆಯ ವಿನಯಕ್ಕೆ ಮೆಚ್ಚಿ ಶಾಲಿನ ಜೊತೆಗೆ ಮೈಸೂರು ಪೇಟವನ್ನೂ ತೊಡಿಸುವುದೆಂದು ರಾಜ್ಯೋತ್ಸವ ಸಮಿತಿಯವರು ತೀರ್ಮಾನಿಸಿದರು!

ರಾಜ್ಯೋತ್ಸವ ಬಂತು. ಅತ್ತೆ ಬರಲಾರೆ ಎಂದು ಹಟ ಹಿಡಿದಿದ್ದಳು. ಕಡೆಗೆ ಆಸ್ಪತ್ರೆಯ ಹಿರಿಯ ಸಿಸ್ಟರೇ ಮನೆಗೆ ಬಂದು ಕರೆದುಕೊಂಡು ಹೋದರು. ಈ ಸಿಸ್ಟರು ಯಾರೆಂದರೆ, ವರ್ಷಗಳ ಹಿಂದೆ ನಲ್ಲಿಯ ಹತ್ತಿರ ಮೊಸರು ಸುರಿಸಿಕೊಂಡು ಅತ್ತವರು. ಅವರು ಮಾತ್ರ ಅತ್ತೆಯನ್ನು ಅಕ್ಕಾ ಎನ್ನುತ್ತಿದ್ದರು. ಅವರ ಮಾತನ್ನು ಅತ್ತೆ ತೆಗೆದುಹಾಕುವಂತಿರಲಿಲ್ಲ. ಬಿಳಿ ಸೀರೆಯ ಹುಡುಗಿಯರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಅತ್ತೆ ಮೊದಲು ಅವರ ಹತ್ತಿರ ಹೋಗಿ, ನೀವೆಲ್ಲ ಇಲ್ಲಿದ್ದೀರಿ, ಅಲ್ಲಿ ಯಾರಿದ್ದಾರೆ, ಇದ್ದವರು ತಿಂಡಿ ತಿಂದರೋ ಇಲ್ಲವೋ ಎಂದು ವಿಚಾರಿಸಿಕೊಂಡು, ಆಮೇಲೆ ಕೋರ್ಟಿನ ಕಟಕಟೆ ಹತ್ತುವವಳ ಹಾಗೆ ವೇದಿಕೆ ಹತ್ತಿದಳು.

ವೇದಿಕೆಯ ನಡುವೆ ಭುವನೇಶ್ವರಿಯ ಪಟ, ಅದರ ಮುಂದೆ ತಟ್ಟೆಯ ತುಂಬ ಅಕ್ಕಿ ಹರವಿ ಇಟ್ಟ ಕಳಸ. ಪಕ್ಕದಲ್ಲಿ ತಹಸೀಲ್ದಾರರು, ಡಾಕ್ಟರು, ಇನ್ನೂ ನಾಲ್ಕು ಜನ ಗಣ್ಯರು. ನಿರೂಪಕರು ಒಬ್ಬ ಉತ್ಸಾಹಿ ತರುಣ. ಕರುಣಾಮಯಿ, ತ್ಯಾಗಮೂರ್ತಿ ಎಂದು ಏರುತ್ತಾ ಹೋಗಿ, "ರೋಗಿಗಳ ಪಾಲಿನ ಮಹಾತಾಯಿ!" ಎಂದು ಮುಗಿಸಿದ. ಸಭೆಯಲ್ಲಿ ಒಂದಲ್ಲ ಒಂದು ಸಲ ಆಕೆಯಿಂದ ಬೈಸಿಕೊಂಡ ರೋಗಿಗಳೇ ಅರ್ಧಕ್ಕರ್ಧ ಇದ್ದರು. ಮೊದಲು ಒಬ್ಬ ಕೆಮ್ಮಿದ. ಆಮೇಲೆ ಪೆಂಡಾಲೆಲ್ಲ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ, ಪೇಟದ ಪಕ್ಕ ಮಡಚಿಟ್ಟ ಶಾಲನ್ನೇ ನೋಡುತ್ತಾ ಕೂತಿದ್ದಳು.

ತಹಸೀಲ್ದಾರರು ಎದ್ದು, ಶಾಲು ಬಿಡಿಸಿ, ನಗುನಗುತ್ತಾ ಬಂದರು. ಅತ್ತೆ ಕುರ್ಚಿ ಹಿಂದಕ್ಕೆ ಸರಿಸಿದಳು. ಅವರು ಒಂದು ಹೆಜ್ಜೆ ಮುಂದೆ ಬಂದರು. ಆಕೆ ಇನ್ನೊಂದಿಷ್ಟು ಸರಿಸಿದಳು. ಹಿಂದೆ ಭುವನೇಶ್ವರಿ ಇದ್ದುದರಿಂದ ಇನ್ನು ಸರಿಯಲು ಜಾಗವಿರಲಿಲ್ಲ. ಆಗ ಎದ್ದು ನಿಂತು, ಶಾಲಿನ ಎರಡೂ ತುದಿ ಹಿಡಿದು, ಫಕ್ಕನೆ ತಹಸೀಲ್ದಾರರ ಹೆಗಲಿಗೇ ಹೊದಿಸಿಬಿಟ್ಟಳು! ಜನ ಚಪ್ಪಾಳೆ ತಟ್ಟಿದರು. ತಹಸೀಲ್ದಾರರ ಮುಖ ಮಾತ್ರ ಬಿಳಿಚಿಕೊಂಡಿತು, ಯಾಕೆಂದರೆ ಅವರ ವರ್ಗಾವಣೆಯ ಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು. ಅವರು ಆ ಶಾಲನ್ನು ಅವಸರವಸರವಾಗಿ ತೆಗೆದು ಪಕ್ಕದವರ ತೊಡೆಗೆ ಹಾಕಿದರು, ಅವರು ತಮ್ಮ ಆಚೆಯವರಿಗೆ ದಾಟಿಸಿದರು. ಮುಂದಿನ ತಿಂಗಳು ತಹಸೀಲ್ದಾರರಿಗೆ ನಿಜಕ್ಕೂ ವರ್ಗವಾಯಿತು ಎಂಬುದನ್ನು ಅತ್ತೆಗೆ ನಾವು ಯಾರೂ ತಿಳಿಸಲಿಲ್ಲ.

ನಗೆ ಇನ್ನೂ ನಿಂತಿರಲಿಲ್ಲ. ಅತ್ತೆ ಮೈಕಿನ ಹತ್ತಿರ ಹೋಗದೆ ಸೀದಾ ಡಾಕ್ಟರ ಮುಂದೆ ಹೋಗಿ ನಿಂತಳು. ಆಕೆಯ ದನಿಗೆ ಮೈಕು ಬೇಕೂ ಆಗಿರಲಿಲ್ಲ.

"ಡಾಕ್ಟರ ಸಾಹೇಬ್ರ, ನನ್ನ ಕಳಸಬ್ಯಾಡ್ರಿ. ಮನ್ಯಾಗ ಒಬ್ಬಾಕೀಗೆ ಅಡಗಿ ಮಾಡ್ಕೊಂಡು ಉಣ್ಣಾಕ ನನಗ ಬರಂಗಿಲ್ಲ. ಅಲ್ಲಿ ಉಂಡ್ರೇನಂದ್ರ ಇಲ್ಲ ಅಂತ ಹೇಳಾಕ ಒಂದು ಜೀವ ಐತಿ. ಬ್ಯಾಡಂದ್ರ ಒಳಗ ಬರಂಗಿಲ್ರಿ, ಹೊರಗ ಸ್ಟೂಲಿನ ಮ್ಯಾಲೆ ಕುಂದರ್ತೀನಿ. ಆ ಖೋಲಿಗೆ ಕೀಲಿ ಹಾಕಬ್ಯಾಡ್ರಿ."

ಪೆಂಡಾಲಿನ ನಗೆ ಅಲ್ಲಿಗೆ ನಿಂತಿತು. ನಾನು ಇಷ್ಟು ವರ್ಷ ಆಕೆಯ ಕಥೆಗಳನ್ನು ಊರೂರಿಗೆ ಹೇಳಿ ನಗಿಸಿದವನು, ಆಕೆ ಒಬ್ಬಳೇ ಕೂತು ಉಣ್ಣುವುದನ್ನು ಮಾತ್ರ ಒಂದು ದಿನವೂ ಕಲ್ಪಿಸಿಕೊಂಡಿರಲಿಲ್ಲ.

ಡಾಕ್ಟರು ಗಡಬಡಿಸಿ ಎದ್ದರು. ಬೋರ್ಡು ಹಾಕಿಸಿದ್ದು ವಾರ್ಡಿನೊಳಗೆ ಬಂದು ಬೀಡಿ ಸೇದುವವರಿಗಾಗಿ, ನಿಮಗಲ್ಲ ಎಂದರು. ತಾವು ಕೆಲಸ ಮಾಡಿದ ಬೇರೆ ಕಡೆಯಲ್ಲೆಲ್ಲ ಸಿಸ್ಟರುಗಳು ಬಂದ ದಿನದಿಂದಲೇ ವರ್ಗ ಕೇಳುತ್ತಿದ್ದರು, ಇಲ್ಲಿ ಮಾತ್ರ ಯಾರೂ ಕೇಳುವುದಿಲ್ಲ, ಯಾಕೆಂದು ತಮಗೆ ಆ ದಿನ ಡಬ್ಬಿ ಉಂಡಾಗ ಗೊತ್ತಾಯಿತು, ಅದಕ್ಕೇ ಹೆಸರು ಕಳಿಸಿದ್ದು ಎಂದರು. ಮಾತು ಕಡಿಮೆಯ ಮನುಷ್ಯ ಅಷ್ಟು ಮಾತಾಡಿದ್ದನ್ನು ಅಲ್ಲಿದ್ದವರು ಅದೇ ಮೊದಲು ಕೇಳಿದ್ದು. ಆಸ್ಪತ್ರೆಯ ಬಾಗಿಲು ನಿಮಗೆ ಯಾವತ್ತೂ ತೆರೆದೇ ಇರುತ್ತದೆ ಎಂದು ಮುಗಿಸಿದರು.

ಅವರು ಆ ಕಡೆಯ ಮಾತೊಂದನ್ನು ಆಡಬಾರದಿತ್ತು. ಅತ್ತೆ ತಲೆಯಾಡಿಸುತ್ತಾ, "ಹಂಗ ಎಲ್ಲಾರಿಗೂ ಅಂತಾರ್ರಿ, ಕಳಸೋ ದಿನ" ಎಂದಳು. ಹೌದಲ್ಲ! ಬೀಳ್ಕೊಡುಗೆಯ ಭಾಷಣದಲ್ಲಿ ಬಾಗಿಲು ಯಾವತ್ತೂ ತೆರೆದಿರುತ್ತದೆ ಎನ್ನದವರುಂಟೇ? ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಆಗ ಮುಂದಿನ ಸಾಲಿನಿಂದ ಹಿರಿಯ ಸಿಸ್ಟರು ಎದ್ದು ವೇದಿಕೆ ಹತ್ತಿದರು. ಯಾರನ್ನೂ ಕೇಳಲಿಲ್ಲ. ಸನ್ಮಾನದ ತಟ್ಟೆಯಲ್ಲಿದ್ದ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಎತ್ತಿಕೊಂಡರು. ಭುವನೇಶ್ವರಿಯ ಪಟಕ್ಕೆ ಕೈ ಮುಗಿದು, ಕಳಸದ ತಟ್ಟೆಯಿಂದ ಒಂದು ಬೊಗಸೆ ಅಕ್ಕಿ ತೆಗೆದುಕೊಂಡರು. ಅತ್ತೆಯ ಎದುರಿಗೆ ಬಂದು ನಿಂತು, "ಅಕ್ಕಾ, ಸೆರಗು ಹಿಡಿ" ಎಂದರು.

ಅತ್ತೆ ಗಾಬರಿಯಿಂದ ಸೆರಗನ್ನು ಮೈತುಂಬ ಬಿಗಿಯಾಗಿ ಹೊದ್ದುಕೊಂಡಳು. ಗಂಡ ತೀರಿಕೊಂಡ ಹೆಂಗಸಿಗೆ ನಮ್ಮ ಕಡೆ ಉಡಿ ತುಂಬುವುದಿಲ್ಲ. ಮಾವ ಹೋದ ಮೇಲೆ ಮದುವೆ ಮನೆಯಿರಲಿ, ನಾಮಕರಣವಿರಲಿ, ಸ್ವಂತ ತಮ್ಮನ ಮನೆಯೇ ಇರಲಿ, ಉಡಿ ತುಂಬುವ ಹೊತ್ತಿಗೆ ಆಕೆ ಏನೋ ಕೆಲಸದ ನೆಪ ಮಾಡಿ ತಾನಾಗಿಯೇ ಅಡಿಗೆಮನೆಗೆ ಸರಿದುಬಿಡುತ್ತಿದ್ದಳು. ನಾವು ಯಾರೂ ಕರೆದದ್ದಿಲ್ಲ.

"ನನಗ ತುಂಬಬಾರದವ್ವ, ನಿನಗ ಗೊತ್ತಿಲ್ಲೇನು" ಎಂದಳು. ಎಂಥ ದನಿಯ ಹೆಂಗಸು, ಆ ಮಾತು ಮುಂದಿನ ಎರಡು ಸಾಲಿಗೂ ಸರಿಯಾಗಿ ಕೇಳಿಸಲಿಲ್ಲ.

ಸಿಸ್ಟರು ಅಲ್ಲಾಡಲಿಲ್ಲ. "ಶಾಲು ಹೋಗೋರಿಗೆ ಹೊದಸ್ತಾರ. ಉಡಿ ಮನಿ ಮಗಳಿಗೆ ತುಂಬತಾರ, ತಿರುಗಿ ಬರ್ಲಿ ಅಂತ. ಹಿಡಿ ಸೆರಗು."

ಅತ್ತೆ ಬಿಗಿದ ಸೆರಗನ್ನು ಸಡಿಲಿಸಿದಳು. ಆಮೇಲೆ ನಿಧಾನವಾಗಿ ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಚಾಚಿದಳು. ಸಿಸ್ಟರು ಅಕ್ಕಿ ಹಾಕಿದರು, ಕಾಯಿ ಇಟ್ಟರು, ಎಲೆ ಅಡಿಕೆ ಇಟ್ಟರು. ಮುಂದಿನ ಸಾಲಿನ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ವೇದಿಕೆ ಹತ್ತಿದರು. ನರ್ಸುಗಳು ಹಾಕಿದರು, ಆಯಾಗಳು ಹಾಕಿದರು, ಕಸ ಗುಡಿಸುವವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಹಾಕಿದಳು. ಉಡಿಯನ್ನು ಹೆಂಗಸರೇ ತುಂಬಬೇಕೆಂಬುದನ್ನು ಮರೆತ ಡಾಕ್ಟರೂ ಸಾಲಿನಲ್ಲಿ ನಿಂತು ಒಂದು ಹಿಡಿ ಅಕ್ಕಿ ಹಾಕಿ, ನಾಳೆ ಡಬ್ಬಿ ತರುವುದನ್ನು ಮರೆಯಬೇಡಿ ಎಂದು ಮೆಲ್ಲಗೆ ಹೇಳಿದರು. ತಪ್ಪೆಂದು ಯಾರೂ ಅವರಿಗೆ ಹೇಳಲಿಲ್ಲ.

ಅತ್ತೆ ಅಳುತ್ತಿದ್ದಳು. ಆದರೆ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳಲ್ಲ, ಒಂದು ಕಾಳೂ ಬೀಳದ ಹಾಗೆ, ಕಣ್ಣು ಒರೆಸಿಕೊಳ್ಳಲು ಆಕೆಗೆ ಕೈ ಇರಲಿಲ್ಲ. ಸಿಸ್ಟರೇ ತಮ್ಮ ಸೆರಗಿನಿಂದ ಒರೆಸಿದರು.